ನಾಲ್ಕಕ್ಕೆ ಹಂಚಿದ ಮೈಸೂರು ಪಾಕ್

ಪುಟ್ಟೀ, ಚಿನ್ನೂ, ಮೊನ್ನೆ ಫೋನಿನಲ್ಲಿ ನಿಮ್ಮಮ್ಮ ಈ ಅಜ್ಜಿಗೆ ಒಂದು ಸುದ್ದಿ ಹೇಳಿದಳು. ಪುಟ್ಟಿಯ ಒಂಬತ್ತನೆಯ ತರಗತಿ ಮುಗಿಯುತ್ತ ಬಂತು, ಮುಂದೆ ಯಾವ ವಿಭಾಗಕ್ಕೆ ಸೇರುತ್ತಾಳೆಂದು ಶಾಲೆಗೆ ತಿಳಿಸಬೇಕು, ಅದಕ್ಕಾಗಿ ಬರುವ ತಿಂಗಳು ಅಮೆರಿಕಾ ಅಂಕಲ್ ಮನೆಗೆ ಬಂದು ಕೂತು ಸಲಹೆ ಕೊಡುತ್ತಾರಂತೆ. ನಾನು ಹೌದಾ ಎಂದೆ. ಫೋನು ಇಟ್ಟ ಮೇಲೆ ಒಬ್ಬಳೇ ನಕ್ಕೆ. ಒಳ್ಳೆಯ ಮನಸ್ಸಿನ ನಗುವಲ್ಲ ಅದು. ನನ್ನ ತಂಗಿ ಒಳಗಿನಿಂದ ಬಂದು, ಯಾಕಕ್ಕಾ ಹಾಗೆ ಮೂತಿ ಸೊಟ್ಟ ಮಾಡಿಕೊಂಡು ನಗುತ್ತೀಯ ಎಂದು ಕೇಳಿದಳು. ಅವಳಿಗೆ ಹೇಳಲಿಲ್ಲ. ನಿಮಗೆ ಬರೆಯುತ್ತಿದ್ದೇನೆ.

ನಾನು ಓದಿದ್ದು ನಮ್ಮ ಹಳ್ಳಿಯ ಶಾಲೆಯಲ್ಲಿ, ಏಳನೆಯ ತರಗತಿಯವರೆಗೆ. ನಾಲ್ಕು ಜನರ ಮುಂದೆ ಮಾತಾಡಲು ನನಗೆ ಇವತ್ತಿಗೂ ಬಾಯಿ ಏಳುವುದಿಲ್ಲ. ನಿಮ್ಮನ್ನು ನೋಡಿಕೊಳ್ಳಲು ಸ್ವೀಡನ್ನಿನ ಲಿಂಕೋಪಿಂಗಿನಲ್ಲಿದ್ದಾಗ ಮನೆಗೆ ಜನ ಬಂದರೆ ನಾನು ಅಡುಗೆಮನೆಯಲ್ಲೇ ಉಳಿದುಬಿಡುತ್ತಿದ್ದೆ. ಆ ಅಡುಗೆಮನೆಗೆ ಬಾಗಿಲಿರಲಿಲ್ಲ. ಹಾಲಿನಲ್ಲಿ ಆಡಿದ ಮಾತೆಲ್ಲ ಒಲೆಯ ಮುಂದೆ ನಿಂತವಳಿಗೆ ಕೇಳಿಸುತ್ತಿತ್ತು. ಕಾಫಿ ತಟ್ಟೆ ಹಿಡಿದುಕೊಂಡು ಹೋದರೆ ಎಲ್ಲರೂ, ಅಮ್ಮ ಪಾಪ ಮಾತೇ ಆಡಲ್ಲ ಎನ್ನುತ್ತಿದ್ದರು. ಪಾಪ ಏನೂ ಅಲ್ಲ. ಆಡುವ ಮಾತು ಬೇಕಾದಷ್ಟಿತ್ತು. ಬಾಯಿ ಬಿಟ್ಟರೆ ನಿಮ್ಮಮ್ಮನ ಸಂಸಾರಕ್ಕೆ ತೊಂದರೆಯಾದೀತು ಎಂದು ಸುಮ್ಮನಿದ್ದೆ.

ಅಮೆರಿಕಾ ಅಂಕಲ್ ಎಂಬ ಹೆಸರಿಟ್ಟವಳು ಪುಟ್ಟಿ. ಆಗ ನೀನು ಡಾಗಿಸ್‌ಗೆ, ಅಂದರೆ ಅಲ್ಲಿಯ ಶಿಶುವಿಹಾರಕ್ಕೆ, ಹೋಗುತ್ತಿದ್ದೆ, ಚಿನ್ನು ಇನ್ನೂ ಅಂಬೆಗಾಲಿಡುತ್ತಿದ್ದ. ಅವರು ಅಮೆರಿಕದವರೇನೂ ಅಲ್ಲ, ಬೆಂಗಳೂರಿನವರೇ. ಅಲ್ಲಿ ಹೋಗಿ ಎಂಬಿಎ ಮಾಡಿ, ಸ್ವಲ್ಪ ಕಾಲ ಇದ್ದು, ಆಮೇಲೆ ನಿಮ್ಮಪ್ಪನ ಕಂಪನಿಗೆ ಮ್ಯಾನೇಜರಾಗಿ ಬಂದವರು. ಊರಿನಲ್ಲಿ ಕನ್ನಡದ ಮನೆಗಳು ಕೈಬೆರಳೆಣಿಕೆಯಷ್ಟು. ಆ ಅಷ್ಟೂ ಮನೆಗೆ ಇವರೇ ಹಿರಿಯರು. ಯಾರು ಏನು ಕೇಳಿದರೂ "ನಾವು ಅಮೆರಿಕದಲ್ಲಿದ್ದಾಗ" ಎಂದು ಶುರು ಮಾಡುತ್ತಿದ್ದರು. ಮಗುವಿನ ಜ್ವರಕ್ಕೂ ಅಮೆರಿಕ, ಕಾರಿನ ಚಳಿಗಾಲದ ಚಕ್ರಕ್ಕೂ ಅಮೆರಿಕ. ಒಮ್ಮೆ ನಾನು ಪುಟ್ಟಿಯನ್ನು ಡಾಗಿಸ್‌ನಿಂದ ಕರೆತರಲು ಕೋಟು ಹಾಕಿಕೊಳ್ಳುತ್ತಿದ್ದೆ. ಬಸ್ಸಿಗೆ ಕಾಯಬೇಡಿ ಅಮ್ಮಾ, ಈ ಬಸ್ಸುಗಳನ್ನು ನಂಬೋಕಾಗಲ್ಲ, ಅಮೆರಿಕದಲ್ಲೂ ಹಾಗೇ ಎಂದರು. ಆ ಊರಿನಲ್ಲಿ ಅವರು ಬಸ್ಸು ಹತ್ತಿದ್ದನ್ನು ನಾನು ನೋಡಿಲ್ಲ. ನಾನು ದಿನವೂ ಹತ್ತುತ್ತಿದ್ದೆ. ನಿಮ್ಮ ತಾತ ಇದ್ದಿದ್ದರೆ ಆ ಬಸ್ಸಿನ ಡ್ರೈವರುಗಳಿಗೆ ಕೈಮುಗಿಯುತ್ತಿದ್ದರು. ಅಷ್ಟು ಹೊತ್ತಿಗೆ ಸರಿಯಾಗಿ ಬರುತ್ತಿದ್ದವು.

ತಾತನ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಅವರು ಸರ್ಕಾರಿ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದರು. ಕಬ್ಬಿಣದ ಕಂಬಿಯ ಕಿಟಕಿಯ ಹಿಂದೆ ಕೂತು ಯಾವ ಬಸ್ಸು ಬಂತು, ಯಾವುದು ಹೊರಟಿತು ಎಂದು ಬರೆಯುವ ಕೆಲಸ. ನಿಮ್ಮ ಚಿಕ್ಕಮ್ಮ ಶಾಲೆ ಬಿಟ್ಟ ಮೇಲೆ ಅಲ್ಲಿಗೇ ಹೋಗಿ ಅವರ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದಳು. ಬಸ್ಸು ಓಡೋದನ್ನ ಎಲ್ಲರೂ ನೋಡ್ತಾರೆ, ಅದು ಎಲ್ಲಿ ಸುಮ್ನೆ ನಿಂತಿರುತ್ತೆ ನೋಡು ಎಂದು ಅವಳಿಗೆ ಹೇಳುತ್ತಿದ್ದರು. ಆ ಹುಡುಗಿಗೆ ಅದು ತಲೆಯಲ್ಲಿ ಕೂತುಬಿಟ್ಟಿತು. ಮದುವೆ ಮನೆಗೆ ಕರೆದುಕೊಂಡು ಹೋದರೂ ಊಟದ ಪಂಕ್ತಿ ಯಾಕೆ ತಡವಾಗುತ್ತಿದೆ ಎಂದು ನೋಡಿಕೊಂಡು ನಿಲ್ಲುತ್ತಿದ್ದಳು. ತಾತ ಹೋದ ಮೇಲೆ ಬಿಕಾಂ ಮುಗಿಸಿದಳು, ಜರ್ಮನ್ ಕಲಿತಳು, ಜರ್ಮನಿಯ ಉತ್ತರದ ಒಂದು ಬಂದರಿನ ಊರಿನಲ್ಲಿ ವ್ಯಾಪಾರ ಆಡಳಿತದ ಮಾಸ್ಟರ್ಸ್ ಓದಲು ಸೀಟು ಸಿಕ್ಕಿತು. ನಿಮ್ಮಪ್ಪನೇ ಅವಳ ವೀಸಾಕ್ಕೆ ಜವಾಬ್ದಾರಿ ಹೊತ್ತರು. ಅದು ದೊಡ್ಡ ಉಪಕಾರ, ಇಲ್ಲ ಎನ್ನುವುದಿಲ್ಲ. ಮೊದಲ ವರ್ಷ ಚೆನ್ನಾಗಿ ಆಗದಿದ್ದರೆ ವಾಪಸು ಬರಬೇಕು, ಮದುವೆ ಮಾಡಿಬಿಡೋಣ ಎಂದೂ ಹೇಳಿದ್ದರು. ಅದನ್ನೂ ಇಲ್ಲ ಎನ್ನುವುದಿಲ್ಲ.

ಚಿಕ್ಕಮ್ಮ ರಜೆ ಸಿಕ್ಕಾಗ ಹಡಗು ಹತ್ತಿ, ರೈಲು ಹತ್ತಿ ಲಿಂಕೋಪಿಂಗಿಗೆ ಬರುತ್ತಿದ್ದಳು. ಮೊದಲ ಸಲ ಬಂದಾಗ ನಾನು ಹುರುಳಿಕಾಯಿ ಸೋಸುತ್ತಿದ್ದೆ. ಎದುರಿಗೆ ಕೂತು ಅವಳೂ ಸೋಸುತ್ತ ತನ್ನ ಓದು ಹೇಗಿದೆ ಎಂದು ವಿವರಿಸಿದಳು. ಎರಡು ವರ್ಷ, ನಾಲ್ಕು ಭಾಗ. ಮೊದಲ ಎರಡು ಭಾಗ ಎಲ್ಲರಿಗೂ ಒಂದೇ. ಲೆಕ್ಕಪತ್ರ, ಸಂಖ್ಯಾಶಾಸ್ತ್ರ, ಹಣಕಾಸು, ಮಾರಾಟ, ಸರಕು ತಯಾರಿಕೆ ಮತ್ತು ಸಾಗಣೆ. ಬೇಕೋ ಬೇಡವೋ ತೆಗೆದುಕೊಳ್ಳಲೇಬೇಕು, ಮದುವೆ ಎಲೆಗೆ ಮೊದಲು ಉಪ್ಪು, ಉಪ್ಪಿನಕಾಯಿ ಬೀಳುವ ಹಾಗೆ. ಆಮೇಲೆ ಒಂದನ್ನು ಮುಖ್ಯ ವಿಷಯವೆಂದು ಆರಿಸಿಕೊಳ್ಳಬೇಕು. ಮೂರನೆಯ ಭಾಗವೆಲ್ಲ ಹೆಚ್ಚುಕಡಿಮೆ ಅದೇ. ಆ ವಿಷಯದ ಪ್ರೊಫೆಸರರ ಹತ್ತಿರವೇ ಕೊನೆಯ ಭಾಗದಲ್ಲಿ ಪ್ರಬಂಧ ಬರೆಯಬೇಕು. ಆದ್ದರಿಂದ ಒಮ್ಮೆ ಆರಿಸಿದರೆ ಆರಿಸಿದಂತೆಯೇ. ಒಂದು ಪರೀಕ್ಷೆಯಲ್ಲಿ ಮೂರು ಸಲ ಫೇಲಾದರೆ ಹೊರಗೆ ಹಾಕುತ್ತಾರೆ, ಆ ದೇಶದ ಬೇರೆ ಕಾಲೇಜಿನಲ್ಲೂ ಆ ಓದಿಗೆ ಸೇರಿಸಿಕೊಳ್ಳುವುದಿಲ್ಲ ಎಂದಳು. ಇದನ್ನು ಕೇಳಿ ನನ್ನ ಕೈ ನಿಂತಿತು. ನಮ್ಮಲ್ಲಿ ಹತ್ತನೆಯ ತರಗತಿಯನ್ನು ಜನ ಎಷ್ಟು ಸಲ ಬೇಕಾದರೂ ಕಟ್ಟುತ್ತಾರೆ.

ಇದರ ಜೊತೆಗೆ ಬಿಡಿ ವಿಷಯಗಳೂ ಇದ್ದವು, ಇಷ್ಟ ಬಂದದ್ದು ತೆಗೆದುಕೊಂಡು ಡಿಗ್ರಿಗೆ ಬೇಕಾದ ಪಾಯಿಂಟು ತುಂಬಿಸಿಕೊಳ್ಳಲಿಕ್ಕೆ. ಅವುಗಳ ಹೆಸರನ್ನು ಅವಳು ಕನ್ನಡದಲ್ಲಿ ಹೇಳುತ್ತ ಹೋದ ಹಾಗೆ ನನಗೆ ನಗು ತಡೆಯಲಿಲ್ಲ. ಮುಂದಾಳಾಗುವುದು ಹೇಗೆ ಎಂದು ಒಂದು. ಎದುರಿಗಿದ್ದವರ ಜೊತೆ ಮಾತಾಡುವುದು ಹೇಗೆ ಎಂದು ಇನ್ನೊಂದು. ಮನಸ್ತಾಪ ಬಂದರೆ ಏನು ಮಾಡಬೇಕು ಎಂದು ಮತ್ತೊಂದು. ಒಂದು ಪಾಠದಲ್ಲಿ ದೊಡ್ಡ ದೊಡ್ಡ ಹುಡುಗ ಹುಡುಗಿಯರನ್ನು ಗುಂಪು ಮಾಡಿ, ಹಳೆಯ ಪೇಪರು ಮತ್ತು ಅಂಟು ಕೊಟ್ಟು ಗೋಪುರ ಕಟ್ಟಿಸಿದರಂತೆ. ಅದಕ್ಕೂ ಪಾಯಿಂಟು. ಪುಟ್ಟಿ ಅದನ್ನೇ ಡಾಗಿಸ್‌ನಲ್ಲಿ ಮಾಡಿ, ಒಂದು ಬಾಳೆಹಣ್ಣು ತಿಂದು ಮನೆಗೆ ಬರುತ್ತಿದ್ದಳು. ವಿಶ್ವವಿದ್ಯಾಲಯಗಳ ಬಗ್ಗೆ ನನಗಿದ್ದ ಭಯ ಆವತ್ತು ಅರ್ಧ ಹೋಯಿತು. ಚಿಕ್ಕಮ್ಮನಿಗೆ ಮಾತ್ರ ಸರಕು ಸಾಗಣೆಯ ಪಾಠ ಹಿಡಿಸಿತ್ತು. ಬಂದರಿನಲ್ಲಿ ಪೆಟ್ಟಿಗೆಗಳು ಹೇಗೆ ಕಾಯುತ್ತವೆ, ಯಾಕೆ ಕಾಯುತ್ತವೆ ಎಂದು ಹೇಳುವಾಗ ಹುರುಳಿಕಾಯಿಯನ್ನೇ ಸಾಲಾಗಿ ಜೋಡಿಸಿ ತೋರಿಸಿದಳು.

ಮೊದಲ ವರ್ಷದ ಫಲಿತಾಂಶ ಬಂದದ್ದು ಒಂದು ಬೇಸಿಗೆಯ ಶನಿವಾರ. ಹಾಲಿನಲ್ಲಿ ನಿಮ್ಮಪ್ಪ, ಅಮೆರಿಕಾ ಅಂಕಲ್ ಇಬ್ಬರೂ ಕೂತಿದ್ದರು. ನಿಮ್ಮಪ್ಪನೇ ಫೋನು ಮಾಡಿ ಎಷ್ಟು ಬಂತು ಎಂದು ಕೇಳಿದರು. ಅವಳು ಹೇಳಿದಳು. ಹಣಕಾಸಿನಲ್ಲಿ ನಾಲ್ಕು. ಲೆಕ್ಕಪತ್ರದಲ್ಲಿ ಮೂರು ಚಿಲ್ಲರೆ. ಸರಕು ಸಾಗಣೆಯಲ್ಲಿ ಒಂದು ಪಾಯಿಂಟ್ ಮೂರು. ನಿಮ್ಮಪ್ಪ ಒಂದೊಂದನ್ನೂ ಗಟ್ಟಿಯಾಗಿ ಹೇಳಿದರು. ಅಂಕಲ್ ಸೋಫಾದಿಂದ ಎದ್ದು ನಿಂತರು.

"ಫೋರ್ ಪಾಯಿಂಟ್ ಜೀರೋ! ಫೈನಾನ್ಸಲ್ಲಿ? ಕ್ಲಾಸಿಗೇ ಟಾಪ್ ಕಣಪ್ಪ ಅದು. ನಮ್ಮ ಬ್ಯಾಚಲ್ಲಿ ಒಬ್ಬನಿಗೂ ಬಂದಿರಲಿಲ್ಲ."

ಅಮೆರಿಕದ ಕಾಲೇಜಿನಲ್ಲಿ ನಾಲ್ಕು ಬಂದರೆ ಅದಕ್ಕಿಂತ ಮೇಲೆ ಇಲ್ಲವಂತೆ. ಜರ್ಮನಿಯಲ್ಲಿ ಒಂದು ಬಂದರೆ ಅದಕ್ಕಿಂತ ಮೇಲೆ ಇಲ್ಲ, ನಾಲ್ಕು ಬಂದರೆ ಅಂಚಿನಲ್ಲಿ ಪಾಸು, ನಾಲ್ಕು ದಾಟಿದರೆ ಫೇಲು. ಇದು ನನಗೆ ಆಮೇಲೆ ತಿಳಿಯಿತು. ಆವತ್ತು ಚಿಕ್ಕಮ್ಮ ಫೋನಿನಲ್ಲಿ "ಭಾವ, ಅದು ಹಾಗಲ್ಲ" ಎಂದು ಎರಡು ಸಲ ಅಂದಳಂತೆ. ಭಾವ ಕೇಳಿಸಿಕೊಳ್ಳಲಿಲ್ಲ. ಅಂಕಲ್ ಫೋನು ಕಿತ್ತುಕೊಂಡು ಕಂಗ್ರಾಜುಲೇಷನ್ಸ್ ಹೇಳಿ, ಲೆಕ್ಕಪತ್ರದಲ್ಲಿ ಇನ್ನೊಂದು ಚೂರು ಕಷ್ಟಪಡು, ಸಾಗಣೆ ವಿಷಯ ತಲೆಗೆ ಹತ್ತದಿದ್ದರೆ ಪರವಾಗಿಲ್ಲ ಎಂದು ಉಪದೇಶ ಮಾಡಿ ಇಟ್ಟುಬಿಟ್ಟರು.

ಮನೆಯಲ್ಲಿ ಇಂಟರ್ನೆಟ್ ಇತ್ತು. ಆ ಕೋಣೆಯಲ್ಲಿದ್ದ ಇಬ್ಬರೂ ಕಂಪ್ಯೂಟರಿನಿಂದಲೇ ಅನ್ನ ತಿನ್ನುವವರು. ಜರ್ಮನಿಯಲ್ಲಿ ನಾಲ್ಕು ಎಂದರೇನು ಎಂದು ಒಬ್ಬರೂ ನೋಡಲಿಲ್ಲ. ದೊಡ್ಡವರು ಹೇಳಿದ ಮೇಲೆ ಪರೀಕ್ಷೆ ಮಾಡಿ ನೋಡುವುದು ಅವಮಾನ ಎಂದು ನಮ್ಮವರ ನಂಬಿಕೆ. ಅಮೆರಿಕ ಹೇಳಿದ ಮೇಲಂತೂ ಕೇಳುವುದೇ ಬೇಡ.

ನಿಮ್ಮಪ್ಪ ಅಡುಗೆಮನೆಗೆ ಬಂದು, ಅತ್ತೆ, ಏನಾದರೂ ಸಿಹಿ ಮಾಡಿ, ಎಲ್ಲರಿಗೂ ಕೊಡೋಣ ಎಂದರು. ನಾನೂ ಹಿಗ್ಗಿದೆ, ಸುಳ್ಳು ಯಾಕೆ ಹೇಳಲಿ. ಮೈಸೂರು ಪಾಕ್ ಮಾಡಿದೆ. ಅಲ್ಲಿಯ ಬೆಣ್ಣೆ ಕಾಯಿಸಿದರೆ ತುಪ್ಪ ಬಹಳ ಚೆನ್ನಾಗಿ ಬರುತ್ತದೆ. ಮರುದಿನ ಭಾನುವಾರ ನಮ್ಮ ಕಟ್ಟಡದ ಕೆಳಗಿನ ಹಾಲಿನಲ್ಲಿ ಕನ್ನಡದವರು ಸೇರುವುದಿತ್ತು. ಅಲ್ಲಿ ತಟ್ಟೆ ಸುತ್ತಿತು. ಬಾರದವರ ಮನೆಗೆ ಡಬ್ಬಿಯಲ್ಲಿ ಹೋಯಿತು. ಅಂಕಲ್ ನಿಂತುಕೊಂಡು ಒಂದು ಸಣ್ಣ ಭಾಷಣವನ್ನೂ ಮಾಡಿದರು. ಫೈನಾನ್ಸಿನಲ್ಲಿ ನಾಲ್ಕು ಎಂದರೆ ಏನು ಎಂಬುದನ್ನು ಮಕ್ಕಳಿಗೆ ಹೇಳಿದರು.

ವಾರ ಕಳೆದು ಚಿಕ್ಕಮ್ಮ ಬಂದಳು. ಬಾಗಿಲಲ್ಲೇ ಪಕ್ಕದ ಮನೆಯವರು ತಡೆದು ಅಭಿನಂದನೆ ಹೇಳಿದರಂತೆ. ಬ್ಯಾಗು ಇಡುತ್ತಲೇ ಅಕ್ಕನನ್ನು ಅಡುಗೆಮನೆಗೆ ಎಳೆದು ತಂದು ವಿಷಯ ಹೇಳಿದಳು. ಹಣಕಾಸಿನ ಪರೀಕ್ಷೆಯಲ್ಲಿ ಮೊದಲ ಸಲ ಫೇಲಾಗಿದ್ದಳು, ಎರಡನೆಯ ಸಲ ಹೇಗೋ ದಾಟಿದ್ದಳು. ಅದೇ ಆ ನಾಲ್ಕು. ನಿಮ್ಮಮ್ಮ ತಲೆಯ ಮೇಲೆ ಕೈ ಹೊತ್ತು ಕುರ್ಚಿಯಲ್ಲಿ ಕೂತಳು. ಆಮೇಲೆ ಅವಳು ಹೇಳಿದ ಮಾತು ಇದು.

"ಈಗ ಹೇಳ್ಬೇಡ ಕಣೇ. ಎಲ್ಲರ ಮನೆಗೂ ಸ್ವೀಟ್ ಹೋಗಿದೆ. ಇವರು ಆಫೀಸಲ್ಲಿ ಮುಖ ಹೇಗೆ ತೋರಿಸ್ತಾರೆ?"

"ಹಂಗಂತ ನಾನು ಫೈನಾನ್ಸ್ ತಗೊಳ್ಲಾ ಅಕ್ಕ?"

ಕಷ್ಟ ಏನೆಂದು ನನಗೆ ಆಗ ಅರ್ಥವಾಯಿತು. ಆ ವಾರವೇ ಚಿಕ್ಕಮ್ಮ ಮುಖ್ಯ ವಿಷಯವನ್ನು ಆರಿಸಿ ಕಾಲೇಜಿಗೆ ತಿಳಿಸಬೇಕಿತ್ತು. ಹಣಕಾಸು ತೆಗೆದುಕೊಂಡರೆ ಮೊದಲ ಪಾಠಕ್ಕೇ ತಿಣುಕಿದವಳು ಅದಕ್ಕಿಂತ ಕಷ್ಟದ್ದನ್ನು ಒಂದಿಡೀ ವರ್ಷ ಓದಬೇಕು, ಮೂರು ಸಲ ಬಿದ್ದರೆ ಹೊರಗೆ. ಸಾಗಣೆ ತೆಗೆದುಕೊಂಡರೆ, ಫಸ್ಟ್ ಬಂದ ವಿಷಯ ಬಿಟ್ಟು ಲಾಸ್ಟ್ ಬಂದ ವಿಷಯ ಯಾಕೆ ತಗೊಂಡೆ ಎಂದು ಕೇಳುತ್ತಾರೆ, ಆಗ ನಾಲ್ಕರ ನಿಜ ಹೇಳಬೇಕು. ಹೇಳಿದರೆ ಮೈಸೂರು ಪಾಕ್ ತಿಂದವರ ಮುಂದೆ ಭಾವ ತಲೆ ತಗ್ಗಿಸಬೇಕು, ಆ ಸಿಟ್ಟಿನಲ್ಲಿ ಇವಳ ಓದೇ ಮುಗಿಯಬಹುದು. ಒಂದು ತಟ್ಟೆ ಸಿಹಿಯ ಮರ್ಯಾದೆ ಉಳಿಸಲು ಒಂದು ಹುಡುಗಿಯ ಬದುಕು. ಇದನ್ನು ಯಾರಾದರೂ ಸ್ವೀಡನ್ನಿನವರಿಗೆ ಹೇಳಿದರೆ ಅವರಿಗೆ ತಲೆಬುಡ ಅರ್ಥವಾಗುತ್ತಿರಲಿಲ್ಲ. ನಮ್ಮವರಿಗೆ ಬಿಡಿಸಿ ಹೇಳುವುದೇ ಬೇಕಿಲ್ಲ.

ಆ ಭಾನುವಾರ ಮಧ್ಯಾಹ್ನ ಸಭೆ ಸೇರಿತು. ಯಾರೂ ಸಭೆ ಎನ್ನಲಿಲ್ಲ, ಫಿಕಾ ಎಂದರು. ಆ ಊರಿನಲ್ಲಿ ಕಾಫಿಗೆ ಕೂರುವುದಕ್ಕೆ ಹಾಗೆನ್ನುತ್ತಾರೆ. ಅಂಕಲ್, ಇನ್ನೂ ಮೂವರು ಗಂಡಸರು, ನಿಮ್ಮಪ್ಪ. ಚಿಕ್ಕಮ್ಮನನ್ನು ಮೂಲೆಯ ಕುರ್ಚಿಯಲ್ಲಿ ಕೂರಿಸಿದರು. ಪಿಯುಸಿಗೆ ಕಾಂಬಿನೇಷನ್ ಆರಿಸುವ ಹಾಗೆ ಅವಳ ಮುಂದೆಯೇ ಅವಳಿಗೆ ವಿಷಯ ಆರಿಸಿದರು. ಫೈನಾನ್ಸ್ ಮುಖ್ಯ, ಅದರ ಪಕ್ಕಕ್ಕೆ ಮಾರ್ಕೆಟಿಂಗ್ ಎಂದು ಒಬ್ಬರು. ಪಕ್ಕಕ್ಕೆ ಅಕೌಂಟ್ಸೇ ಇರಲಿ ಎಂದು ಇನ್ನೊಬ್ಬರು. ಅಲ್ಲಿ ಪಕ್ಕಕ್ಕೆ ಎಂಬುದೇ ಇರಲಿಲ್ಲ, ಆರಿಸಬೇಕಾದ್ದು ಒಂದೇ. ಅದನ್ನು ಅವಳು ಒಮ್ಮೆ ಹೇಳಿದಳು. ಹೌದಾ, ಸರಿ ಸರಿ ಎಂದು ಮತ್ತೆ ಅದನ್ನೇ ಚರ್ಚೆ ಮಾಡಿದರು. ಅವಳಿಗೆ ಏನು ಇಷ್ಟ ಎಂದು ಒಬ್ಬರಿಗೂ ಕೇಳಬೇಕೆನಿಸಲಿಲ್ಲ. ಕೊನೆಗೆ ಅವಳೇ, ನನಗೆ ಲಾಜಿಸ್ಟಿಕ್ಸ್ ಇಷ್ಟ ಎಂದಳು. ಸರಕು ಸಾಗಣೆಗೆ ಅವರ ಭಾಷೆಯಲ್ಲಿ ಹಾಗೆನ್ನುತ್ತಾರೆ.

ಅಂಕಲ್ ನಕ್ಕರು. "ಲಾಜಿಸ್ಟಿಕ್ಸಾ? ಲಾರಿ ಲೆಕ್ಕ ಬರೆಯೋಕೆ ಜರ್ಮನಿಗೆ ಯಾಕಮ್ಮ ಹೋಗ್ಬೇಕಿತ್ತು? ನಮ್ಮೂರ ಬಸ್ ಸ್ಟ್ಯಾಂಡಲ್ಲೇ ಕೂತು ಕಲೀಬಹುದಿತ್ತಲ್ಲ."

ತಾತ ಏನಾಗಿದ್ದರೆಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ನಿಮ್ಮಪ್ಪ ಕಪ್ಪಿನೊಳಗೆ ನೋಡಿಕೊಂಡರು. ಉಳಿದವರು ನಕ್ಕರು. ನಾನು ಚಕ್ಕುಲಿಯ ತಟ್ಟೆ ಹಿಡಿದು ಅವರ ಪಕ್ಕದಲ್ಲೇ ನಿಂತಿದ್ದೆ. ಅವರು ಕೈ ಚಾಚಿದ್ದರು. ತಟ್ಟೆಯನ್ನು ಅವರ ಕೈಗೆ ಎಟುಕದಷ್ಟು ದೂರ, ಮೇಜಿನ ಆ ತುದಿಗೆ ಇಟ್ಟು ಒಳಗೆ ಬಂದೆ. ನನ್ನಿಂದ ಆದದ್ದು ಅಷ್ಟು.

ಆವತ್ತು ಬಟ್ಟೆ ಒಗೆಯುವ ನಮ್ಮ ಸರದಿ. ಆ ಕಟ್ಟಡದಲ್ಲಿ ಎಲ್ಲರ ಮನೆಗೂ ನೆಲಮಾಳಿಗೆಯಲ್ಲಿ ಒಂದೇ ಬಟ್ಟೆ ಒಗೆಯುವ ಕೋಣೆ, ಹೊತ್ತು ಗುರುತು ಮಾಡಿಕೊಂಡು ಹೋಗಬೇಕು, ತಪ್ಪಿಸಿದರೆ ಮತ್ತೆ ಸಿಗುವುದು ಕಷ್ಟ. ಬುಟ್ಟಿ ಭಾರ ಇದೆ, ಒಂದು ಕೈ ಹಿಡಿಯೇ ಎಂದು ಚಿಕ್ಕಮ್ಮನನ್ನು ಕರೆದೆ. ಹೆಂಗಸರ ಕೆಲಸಕ್ಕೆ ಎದ್ದರೆ ಗಂಡಸರು ತಡೆಯುವುದಿಲ್ಲ. ಅವಳಿಲ್ಲದೆ ಅವಳ ಚರ್ಚೆ ಮುಂದುವರಿಯಿತು. ಅವಳು ಇದ್ದಾಗಲೂ ಹಾಗೇ ಇತ್ತಲ್ಲ.

ಕೆಳಗೆ ಮೆಷಿನ್ನುಗಳ ಸದ್ದಿನಲ್ಲಿ ನಾವಿಬ್ಬರೇ. ಚಿನ್ನುವಿನ ಸಣ್ಣ ಕಾಲುಚೀಲಗಳನ್ನು ಅವಳು ಒಂದೊಂದಾಗಿ ತಿರುವಿ ಹಾಕಿದಳು. ಆಮೇಲೆ, ಫೈನಾನ್ಸೇ ತಗೊಂಡುಬಿಡ್ತೀನಿ ಅಮ್ಮ, ಓದಿದ್ರೆ ಬರಬಹುದು, ಭಾವನಿಗೆ ಯಾಕೆ ನೋವು ಮಾಡೋದು ಎಂದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲವೇನೋ.

ನನಗೆ ಆ ವಿಷಯಗಳಲ್ಲಿ ಒಂದೂ ಗೊತ್ತಿಲ್ಲ. ಹಣಕಾಸು ದೊಡ್ಡದೋ, ಸಾಗಣೆ ದೊಡ್ಡದೋ, ಯಾವುದಕ್ಕೆ ಕೆಲಸ ಸಿಗುತ್ತದೋ ನನಗೆ ತಿಳಿಯದು. ಇಷ್ಟು ಹೇಳಿದೆ.

"ಅವರು ತಿಂದಾಯ್ತು ಕಣಮ್ಮ. ತಿಂದಿದ್ದು ಅರಗಿಯೂ ಹೋಯ್ತು. ಓದೋಳು ನೀನು. ನಿಂಗೆ ಬೇಕಾದ್ದು ಬರೆದು ಕಳಿಸು."

"ಭಾವ ಕೇಳಿದ್ರೆ?"

"ಕೇಳಲ್ಲ ಬಿಡು. ಇಲ್ಲಿವರೆಗೂ ಏನು ಕೇಳಿದಾರೆ?"

ಅವಳು ನನ್ನ ಮುಖವನ್ನೇ ನೋಡಿದಳು. ನಾನು ಅಂಥ ಮಾತಾಡಬಲ್ಲೆ ಎಂದು ಅವಳಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಮೇಲೆ ಬಂದಾಗ ಅಂಕಲ್ ಇನ್ನೂ ಹೇಳುತ್ತಲೇ ಇದ್ದರು. ಷೇರು, ಬ್ಯಾಂಕು, ನ್ಯೂಯಾರ್ಕು. ಚಿಕ್ಕಮ್ಮ ಹಾಲು ದಾಟಿ ನಿಮ್ಮ ಕೋಣೆಗೆ ಹೋದಳು. ಕಂಪ್ಯೂಟರು ಅಲ್ಲೇ ಇದ್ದದ್ದು. ಚಿನ್ನೂ, ನೀನು ಆಗಷ್ಟೇ ನಿದ್ದೆಯಿಂದ ಎದ್ದು ರಾಗ ತೆಗೆಯುತ್ತಿದ್ದೆ. ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಾಲೇಜಿನ ಪುಟ ತೆರೆದಳು. ಲಾಜಿಸ್ಟಿಕ್ಸ್ ಎಂದು ಗುರುತು ಹಾಕಿ, ಕೊನೆಯ ಗುಂಡಿ ಒತ್ತುವ ಮೊದಲು ತಡೆದಳು. ನೀನು ಅದರ ಮೇಲೆ ಕೈ ಬಡಿದೆ. ಒತ್ತಿದ್ದು ನಾನಲ್ಲ, ಚಿನ್ನು ಎಂದು ಅವಳು ಇವತ್ತಿಗೂ ಹೇಳುತ್ತಾಳೆ. ನಾನು ಬಾಗಿಲಲ್ಲಿ ನಿಂತಿದ್ದೆ. ಒತ್ತಿದವಳು ಅವಳೇ. ನಿನ್ನ ಕೈಯ ಕೆಳಗೆ ಅವಳ ಬೆರಳು ಇತ್ತು. ಇರಲಿ, ಹಾಗೆ ಹೇಳಿಕೊಳ್ಳಲಿ.

ಹೊರಗೆ ಬಂದವಳನ್ನು ಅಂಕಲ್ ಏನಮ್ಮಾ, ಡಿಸೈಡ್ ಆಯ್ತಾ ಎಂದು ಕೇಳಿದರು. ಆಯ್ತು ಅಂಕಲ್ ಎಂದಳು. ವೆರಿ ಗುಡ್ ಎಂದು ಅವರು ತಲೆಯಾಡಿಸಿದರು. ಯಾವುದು ಎಂದು ಕೇಳಲಿಲ್ಲ.

ಆಮೇಲಿನ ಒಂದಿಡೀ ವರ್ಷ ಯಾರೂ ಕೇಳಲಿಲ್ಲ. ಇದನ್ನು ನೀವು ನಂಬಲಾರಿರಿ, ಆದರೆ ನಿಜ. ಹೇಗೆ ನಡೀತಿದೆ ಎಂದರೆ ಚೆನ್ನಾಗಿ ನಡೀತಿದೆ ಎನ್ನುತ್ತಿದ್ದಳು. ಅಂಕಲ್ ಪ್ರತಿ ಸಭೆಯಲ್ಲೂ, ನಮ್ಮ ಹುಡುಗಿ ಜರ್ಮನಿಯಲ್ಲಿ ಫೈನಾನ್ಸ್ ಮಾಡ್ತಿದಾಳೆ, ನಾನೇ ಗೈಡ್ ಮಾಡಿದ್ದು ಎಂದು ಹೊಸಬರಿಗೆ ಹೇಳುತ್ತಿದ್ದರು. ಅಡುಗೆಮನೆಯಲ್ಲಿ ನಿಮ್ಮಮ್ಮ ಆ ಮಾತು ಕೇಳಿದಾಗಲೆಲ್ಲ ಪಾತ್ರೆ ಜೋರಾಗಿ ಇಡುತ್ತಿದ್ದಳು. ಅವಳಿಗೆ ಗೊತ್ತಿತ್ತು, ನಾನೇ ಹೇಳಿದ್ದೆ. ಕೇಳಿದ ದಿನ ಎರಡು ಹೊತ್ತು ನನ್ನೊಂದಿಗೆ ಮಾತು ಬಿಟ್ಟಿದ್ದಳು. ಮೂರನೆಯ ಹೊತ್ತಿಗೆ ಬಂದು, ಅವಳು ಪಾಸಾದ್ರೆ ಸಾಕಮ್ಮ ಎಂದಳು. ಬಂದರಿನಲ್ಲಿ ಔಷಧಿಯ ಪೆಟ್ಟಿಗೆಗಳು ಎಲ್ಲೆಲ್ಲಿ ಸುಮ್ಮನೆ ಕಾಯುತ್ತವೆ ಎಂಬುದರ ಮೇಲೆ ಚಿಕ್ಕಮ್ಮ ಪ್ರಬಂಧ ಬರೆದಳು. ಮೊದಲ ಪುಟದಲ್ಲಿ ತಾತನನ್ನು ನೆನೆದಿದ್ದಾಳೆ. ಜರ್ಮನ್ನಿನಲ್ಲಿದೆ, ನನಗೆ ಓದಲು ಬರುವುದಿಲ್ಲ, ಯಾವ ಸಾಲು ಎಂದು ತೋರಿಸಿದ್ದಾಳೆ.

ಕೊನೆಯ ಫಲಿತಾಂಶ ಒಂದು ಪಾಯಿಂಟ್ ನಾಲ್ಕು. ಅವಳ ಪ್ರೊಫೆಸರೇ ಕೈ ಕುಲುಕಿದರಂತೆ. ಅವಳು ನಮ್ಮ ಮನೆಗೆ ಬಂದ ದಿನ ನಿಮ್ಮಪ್ಪ ಎಷ್ಟು ಬಂತು ಎಂದು ಕೇಳಿದರು, ಅವಳು ಹೇಳಿದಳು. ನಿಮ್ಮಪ್ಪನ ಮುಖ ಇಳಿದುಹೋಯಿತು. ನಾಲ್ಕರಿಂದ ಒಂದಕ್ಕೆ ಜಾರಿದ್ದಾಳೆ ಎಂದುಕೊಂಡರು. ಬೈಯಲಿಲ್ಲ, ಒಳ್ಳೆಯ ಮನುಷ್ಯ. ಸಂಜೆ ಅಂಕಲ್ ಮತ್ತು ಆ ಮೂವರು ಸಮಾಧಾನ ಹೇಳಲು ಬಂದರು. ಸಾವಿನ ಮನೆಗೆ ಬಂದವರ ಹಾಗೆ ಬೂಟು ಮೆಲ್ಲಗೆ ಬಿಚ್ಚಿಟ್ಟು, ಸೋಫಾದ ತುದಿಯಲ್ಲಿ ಕೂತರು. ಫೈನಾನ್ಸ್ ಎಲ್ಲರಿಗೂ ಹಿಡಿಯಲ್ಲ ಎಂದರು ಅಂಕಲ್. ಹೋಗಲಿ, ಡಿಗ್ರಿ ಅಂತೂ ಬಂತಲ್ಲ ಎಂದರು ಇನ್ನೊಬ್ಬರು. ಚಿಕ್ಕಮ್ಮ ತಲೆ ಬಗ್ಗಿಸಿ ಕೂತಿದ್ದಳು. ದುಃಖ ಎಂದು ಅವರು ತಿಳಿದರು. ನಗು ತಡೆಯುತ್ತಿದ್ದಳು.

ನಾನು ಮಧ್ಯಾಹ್ನವೇ ಮೈಸೂರು ಪಾಕ್ ಮಾಡಿಟ್ಟಿದ್ದೆ, ಹಿಂದಿನ ವರ್ಷದ್ದಕ್ಕಿಂತ ಹೆಚ್ಚು ತುಪ್ಪ ಹಾಕಿ. ತಟ್ಟೆ ತುಂಬಿ ತಂದು ಅಂಕಲ್ ಮುಂದೆ ಹಿಡಿದೆ. ಅವರು ಪಿಳಿಪಿಳಿ ನೋಡಿದರು.

"ಇದಕ್ಕೂ ಸ್ವೀಟಾ ಅಮ್ಮಾ?"

"ತಗೊಳ್ಳಿ" ಎಂದೆ. "ಈ ಸಲದ್ದು ಚೆನ್ನಾಗಿ ಬಂದಿದೆ."

ಆ ಮನುಷ್ಯನ ಜೊತೆ ನಾನು ನೇರವಾಗಿ ಆಡಿದ ಮೊದಲ ಮಾತು ಅದು. ಎರಡು ತುಂಡು ತಿಂದು, ಪಾಪ, ಈಯಮ್ಮನಿಗೆ ಮಾರ್ಕ್ಸು ಅರ್ಥವಾಗಿಲ್ಲ ಎಂದು ಇಂಗ್ಲಿಷಿನಲ್ಲಿ ನಿಮ್ಮಪ್ಪನಿಗೆ ಹೇಳಿದರು. ಅಷ್ಟು ಇಂಗ್ಲಿಷ್ ನನಗೆ ತಿಳಿಯುತ್ತದೆ.

ಅವರು ಹೋದ ಮೇಲೆ ನಿಮ್ಮಪ್ಪ ತಟ್ಟೆಗಳನ್ನು ಎತ್ತಿಕೊಂಡು ಅಡುಗೆಮನೆಗೆ ಬಂದರು. ಅಂಥ ಅಭ್ಯಾಸ ಅವರಿಗಿದೆ. ಚಿಕ್ಕಮ್ಮ ಪಾತ್ರೆ ತೊಳೆಯುತ್ತಿದ್ದಳು. ಒಂದೂ ಚಿಲ್ಲರೆಗೆ ಅತ್ತೆ ಯಾಕೆ ಸ್ವೀಟ್ ಮಾಡಿದರು ಎಂದು ಅವಳನ್ನೇ ಕೇಳಿದರು.

ಅವಳು ನಲ್ಲಿ ನಿಲ್ಲಿಸಿದಳು. ಎಲ್ಲ ಹೇಳಿದಳು. ಒಂದು ಎಂದರೇನು, ನಾಲ್ಕು ಎಂದರೇನು, ಓದಿದ್ದು ಯಾವ ವಿಷಯ, ಕೆಲಸಕ್ಕೆ ಸ್ವೀಡನ್ನಿನ ಮೋಲ್ನ್‌ಡಾಲ್ ಎಂಬ ಊರಿನ ಒಂದು ಔಷಧಿ ಕಂಪನಿಯವರು ಆಗಲೇ ಕರೆದಿದ್ದಾರೆ ಎಂಬುದನ್ನೂ. ನಿಮ್ಮಪ್ಪ ಫ್ರಿಜ್ಜಿಗೆ ಒರಗಿ ನಿಂತು ಕೇಳಿದರು.

"ಹಂಗಾದ್ರೆ ಹೋದ ವರ್ಷ ನಾನು ಊರಿಗೆಲ್ಲ ಹಂಚಿದ್ದು?"

"ಪಾಸಾಗಿದ್ದಕ್ಕೆ ಅಂದ್ಕೊಳ್ಳಿ ಭಾವ. ಪಾಸಾಗಿದ್ದೇ ಹೆಚ್ಚಾಗಿತ್ತು."

ಅವರಿಗೆ ನಗು ಬಂತು. ಬಹಳ ನಕ್ಕರು. ನಾನೂ ನಿಮ್ಮಮ್ಮನೂ ನಕ್ಕೆವು. ಪುಟ್ಟಿ ಏನು ಏನು ಎಂದು ಸ್ವೀಡಿಷ್‌ನಲ್ಲಿ ಕೇಳುತ್ತ ಓಡಿ ಬಂದಳು. ಅಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಕಣ್ಣು ಒರೆಸಿಕೊಂಡು ನಿಮ್ಮಪ್ಪ ಹೇಳಿದ್ದು ಇದು: ಅಂಕಲ್‌ಗೆ ಮಾತ್ರ ಹೇಳೋದು ಬೇಡ, ಬೇಜಾರು ಮಾಡಿಕೊಳ್ತಾರೆ.

ಯಾರೂ ಹೇಳಲಿಲ್ಲ. ಚಿಕ್ಕಮ್ಮ ಆ ಕೆಲಸಕ್ಕೆ ಸೇರಿದಳು, ಈಗ ಅವಳ ಕೈಕೆಳಗೆ ಹಲವರಿದ್ದಾರೆ. ಒಂದು ಚಿಲ್ಲರೆ ಬಂದವಳಿಗೆ ಅಷ್ಟು ಒಳ್ಳೆಯ ಕೆಲಸ ಸಿಕ್ಕಿದ್ದು ತಮ್ಮ ಶಿಫಾರಸಿನಿಂದಲೇ ಎಂದು ಅಂಕಲ್ ನಂಬಿದ್ದಾರಂತೆ. ಯಾರಿಗೋ ಒಂದು ಮೇಲ್ ಬರೆದಿದ್ದರಂತೆ. ಆ ಯಾರೋ ಉತ್ತರವನ್ನೇ ಕೊಟ್ಟಿರಲಿಲ್ಲ. ಇಂಥವರು ಹಾಗೆಯೇ ಮುದುಕರಾಗುತ್ತಾರೆ, ಸುತ್ತಲಿನವರು ಬೇಜಾರಾದೀತೆಂದು ಕಾಪಾಡಿಕೊಂಡು ಬರುತ್ತಾರೆ, ಆಮೇಲೆ ಅವರ ಮುಂದೆ ಇನ್ನೊಂದು ಮಗುವನ್ನು ಕೂರಿಸುತ್ತಾರೆ. ನನಗೆ ತಾತ್ಸಾರ ಇರುವುದು ಅವರೊಬ್ಬರ ಮೇಲಲ್ಲ, ಕಾಪಾಡಿದವರ ಮೇಲೂ.

ಪುಟ್ಟೀ, ಅವರು ಬರುವ ದಿನ ನೀನು ಎದುರು ಮಾತಾಡಬೇಕಾಗಿಲ್ಲ. ನೀನೂ ನನ್ನ ಹಾಗೆ ಸಂಕೋಚದವಳು, ನನಗೆ ಗೊತ್ತು. ಅವರು ಬರುವ ಮೊದಲೇ ನಿನಗೆ ಬೇಕಾದ್ದನ್ನು ಶಾಲೆಗೆ ತಿಳಿಸಿಬಿಡು. ಆಮೇಲೆ ಎದುರಿಗೆ ಕೂತು ಹೂಂ ಅನ್ನು. ಡಿಸೈಡ್ ಆಯ್ತಾ ಎಂದು ಕೇಳುತ್ತಾರೆ. ಆಯ್ತು ಅನ್ನು. ಯಾವುದು ಎಂದು ಕೇಳುವುದಿಲ್ಲ. ಕೇಳಿದರೆ ಮಾತ್ರ ನಿಜ ಹೇಳು, ಅಜ್ಜೀ, ಅವರ ಬಗ್ಗೆ ನೀನು ತಪ್ಪು ತಿಳಿದಿದ್ದೆ ಎಂದು ನನಗೂ ಒಂದು ಫೋನು ಮಾಡು.

ಇದನ್ನು ನಿಮ್ಮ ಕಡೆ ಹೊರಟಿರುವ ಪಕ್ಕದ ಬೀದಿಯ ಹುಡುಗಿಯ ಕೈಯಲ್ಲಿ ಮೈಸೂರು ಪಾಕಿನ ಡಬ್ಬಿಯ ಜೊತೆ ಕಳಿಸುತ್ತಿದ್ದೇನೆ. ನಾನು ಕಲಿಸಿದ ಅಕ್ಷರ ಪುಟ್ಟಿಗೆ ಮರೆತಿಲ್ಲವೆಂದು ನಂಬಿದ್ದೇನೆ. ಗಟ್ಟಿಯಾಗಿ ಓದಿ ಚಿನ್ನುವಿಗೂ ಕೇಳಿಸು, ಗುಂಡಿ ಒತ್ತಿದವನು ಅವನು. ಸಿಹಿಯನ್ನು ಯಾರಿಗೆ ಬೇಕಾದರೂ ಕೊಡಿ, ಅಂಕಲ್‌ಗೂ ಕೊಡಿ. ಹಾಳೆಗಳನ್ನು ಮಾತ್ರ ತುಪ್ಪದ ಕೈಯಲ್ಲಿ ಮುಟ್ಟಬೇಡಿ. ನಿಮ್ಮಮ್ಮನ ರೇಷ್ಮೆ ಸೀರೆಗಳ ನಡುವೆ ತಾತನ ಫೋಟೋ ಇದೆಯಲ್ಲ, ಅದರ ಪಕ್ಕದಲ್ಲಿ ಇಟ್ಟು ಜೋಪಾನ ಮಾಡಿ. ನಿಮ್ಮ ಮಕ್ಕಳಿಗೆ ಯಾರಾದರೂ ವಿಷಯ ಆರಿಸಿಕೊಡಲು ಬಂದು ಸೋಫಾದಲ್ಲಿ ಕೂತ ದಿನ ಹೊರಗೆ ತೆಗೆಯಿರಿ.